ಬರೆದಿಡುವುದು ಸಾವನ್ನು ಬಯಸಿದಂತೆಯೇ?

ಹೊಸದುರ್ಗ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಎಂಬತ್ತು ದಾಟಿದ ಅವರ ತಂದೆ ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದು ಬಂದ ಮೇಲೆ, 'ಇನ್ನೊಮ್ಮೆ ನನ್ನನ್ನು ಅಲ್ಲಿಗೆ ಹಾಕಬೇಡಿ' ಎನ್ನುತ್ತಿದ್ದಾರೆ. ಬೆಂಗಳೂರಿನ ತಮ್ಮ, 'ಎಷ್ಟೇ ಖರ್ಚಾದರೂ ಸರಿ, ಉಳಿಸಿಕೊಳ್ಳೋಣ' ಎನ್ನುತ್ತಾರಂತೆ. ತಂದೆಯ ಮಾತನ್ನು ಬರೆಸಿಡಬಹುದೇ, ಬರೆಸಿದರೆ ಅವರ ಸಾವನ್ನು ತಾವೇ ಬಯಸಿದಂತಾಗದೇ ಎಂಬುದು ಇವರ ಪ್ರಶ್ನೆ.

ಮಾನ್ಯರೇ,

ಧಾರಾಳವಾಗಿ ಬರೆಸಬಹುದು. ಗುಣವಾಗುವ ಭರವಸೆಯೇ ಇಲ್ಲದ ಹಂತದಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವು 2018ರ ಮಾರ್ಚ್ 9ರಂದೇ ಮಾನ್ಯ ಮಾಡಿದೆ. ಮೊದಲು ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯ ತಿದ್ದುಪಡಿಯ ನಂತರ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದಾಗ, ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಗಳಿಂದ ಹೋರಾಡುತ್ತಿದ್ದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಮತ್ತೆ ಕೇಳಿಬಂತು. ಹಾಗೆಂದು ಆ ಪತ್ರ ತೋರಿಸಿದೊಡನೆ ಯಾರೂ ಯಂತ್ರ ನಿಲ್ಲಿಸುವುದಿಲ್ಲ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು, ಒಂದಾದ ಮೇಲೊಂದು, ಒಪ್ಪಬೇಕು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಇಂದಿಗೂ ಅಪರಾಧವೇ.

ಆದರೆ ನೋಟರಿಯ ಬಳಿ ಹೋಗುವ ಮುನ್ನ ತಂದೆಯವರ ಪಕ್ಕದಲ್ಲಿ ಕುಳಿತು, 'ಅಲ್ಲಿ' ಅವರಿಗೆ ಸಹಿಸಲಾಗದೇ ಹೋದದ್ದು ಏನೆಂದು ಕೇಳಿ. ಮೂಗಿನ ನಳಿಕೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮಂಚದ ಸರಳಿಗೆ ಬಟ್ಟೆಪಟ್ಟಿಯಿಂದ ಕಟ್ಟಿದ್ದರೇ? ಹಗಲು ರಾತ್ರಿ ತಿಳಿಯದ ದೀಪದ ಬೆಳಕೇ, ಮನೆಯವರ ಮುಖ ಕಾಣದ ಒಂಟಿತನವೇ? ಗುಣವಾಗಬಲ್ಲ ನ್ಯುಮೋನಿಯಾಕ್ಕೆ ಕೆಲವು ದಿನ ಉಸಿರಾಟದ ಯಂತ್ರ ಹಾಕಿಸುವುದು ಬೇರೆ, ಅಂಗಾಂಗಗಳೆಲ್ಲ ಸೋತ ಮೇಲೆ ಅದನ್ನೇ ಮುಂದುವರಿಸುವುದು ಬೇರೆ. ಅವರು ಎರಡನ್ನೂ ಒಲ್ಲೆ ಎನ್ನುತ್ತಿದ್ದಾರೆಯೇ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಜಮೀನಿನ ಪಾಲುಪತ್ರಕ್ಕೆ ಊರ ಹಿರಿಯರನ್ನೆಲ್ಲ ಕೂಡಿಸುವ ನಮ್ಮ ಕಡೆಯ ಮನೆಗಳಲ್ಲಿ ಈ ವಿಷಯ ಎತ್ತಿದರೆ ಮಾತ್ರ 'ಬಿಡ್ತು ಅನ್ನಿ' ಎಂದು ಬಾಯಿ ಮುಚ್ಚಿಸುತ್ತಾರೆ!

ಐಸಿಯು ಬೇಡವೆಂದರೆ ಚಿಕಿತ್ಸೆಯೇ ಬೇಡವೆಂದಲ್ಲ. ನೋವಿಗೆ ವೈದ್ಯರು ಬರೆದುಕೊಡುವ ಮಾರ್ಫಿನ್ ಮಾತ್ರೆಯುಂಟು, ಉಬ್ಬಸಕ್ಕೆ ಉಪಶಮನವುಂಟು, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶುಶ್ರೂಷೆಯುಂಟು. ಇದಾವುದನ್ನೂ ಏರ್ಪಡಿಸದೆ ಮನೆಗೆ ತಂದು ಮಲಗಿಸಿದರೆ ಅದನ್ನು ನಾನು ಘನತೆಯೆನ್ನಲಾರೆ, ಕೈಬಿಟ್ಟದ್ದು ಎನ್ನುತ್ತೇನೆ. ನಿಮ್ಮ ತಮ್ಮನ ಭಯವೂ ಬಹುಶಃ ಇದೇ ಇರಬೇಕು. ಆದ್ದರಿಂದ ಅವರು ಊರಿಗೆ ಬಂದಾಗ ತಂದೆಯವರ ಮಾತನ್ನು ಅವರ ಎದುರಿಗೇ ಕನ್ನಡದಲ್ಲಿ ಬರೆಸಿ, ತಂದೆಯವರ ಪರವಾಗಿ ನಿರ್ಧರಿಸಬೇಕಾದವರ ಹೆಸರುಗಳಲ್ಲಿ ನಿಮ್ಮ ಜೊತೆಗೆ ಅವರದನ್ನೂ ಸೇರಿಸಿ.

— ಸಂಪಾದಕ