ಮೇಷ್ಟ್ರೇ, ಕತ್ತಿ ಬಿಡಿ, ಗೂಡಿನ ಮಾರ್ಕೆಟ್ಟಿಗೆ ಬನ್ನಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ‘ಮಕ್ಕಳ ರಕ್ಷಣೆಗಾಗಿ ಅಂತರ್ಜಾಲಕ್ಕೆ ಕಡಿವಾಣ’ ಲೇಖನ ಕೈಸೇರಿ ಮೂರು ವಾರ ಆಯ್ತು. ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಬೇರೆಯವರಿಗಾದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ. ನಿಮಗೆ ಉದ್ದಕ್ಕೆ ಬರೆಯುತ್ತಿರುವುದು ಯಾಕಂದ್ರೆ ಇದರೊಳಗೆ ಒಂದು ಒಳ್ಳೆ ಲೇಖನ ಅಡಗಿ ಕೂತಿದೆ. ನೀವು ಒಪ್ಪಿದ್ದೀರಿ, ಹಾಗಾಗಿ ನಿಮ್ಮ ಹೆಸರು, ಊರು, ಶಾಲೆ ಬಿಟ್ಟು ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಇದೇ ವಿಷಯದ ಲೇಖನಗಳು ಈಚೆಗೆ ಜಾಸ್ತಿ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವಷ್ಟು ತ್ರಾಣ ನನಗಿಲ್ಲ.

ಲೇಖನ ಓದದವರಿಗೆ ಎರಡು ಮಾತು. ಒಟ್ಟು ಒಂಬತ್ತು ಪುಟ. ಮೊಬೈಲಿನಿಂದ ಮಕ್ಕಳು ಕೆಡುತ್ತಿದ್ದಾರೆ, ಸರ್ಕಾರ ಕೆಟ್ಟದ್ದನ್ನೆಲ್ಲ ಬ್ಲಾಕ್ ಮಾಡಬೇಕು, 16 ವರ್ಷದ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಬಂದ್ ಆಗಬೇಕು. ಇದು ಮೇಷ್ಟ್ರ ವಾದ. ನಡುವೆ ಎರಡು ಘಟನೆ ಬರುತ್ತವೆ. ಒಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯದು. ಇನ್ನೊಂದು ಒಬ್ಬ ಹುಡುಗಿಯದು.

ಮೊದಲು ಹುಡುಗಿಯ ವಿಷಯ. ಅದನ್ನು ಓದಿದ ಸಂಜೆಯೇ ನಿಮಗೆ ಫೋನ್ ಮಾಡಿದ್ದೆ. ಯಾರೋ ಅಪರಿಚಿತ ಅವಳಿಗೆ ಪದೇ ಪದೇ ಮೆಸೇಜ್ ಮಾಡಿ ಕೆಟ್ಟ ಫೋಟೊ ಕೇಳುತ್ತಿದ್ದ. ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ 19ನೇ ಕಲಂ. ಮೇಷ್ಟ್ರಾದರೂ ಅಷ್ಟೇ, ಸಂಪಾದಕನಾದರೂ ಅಷ್ಟೇ. ‘ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿದ್ದೇನೆ, ದೂರೂ ಆಗಿದೆ’ ಅಂದಿರಿ. ಆಮೇಲೇ ನನಗೆ ನಿದ್ದೆ ಬಂದದ್ದು.

ಆದರೆ ಲೇಖನದಲ್ಲಿ ಏನು ಮಾಡಿದ್ದೀರಿ ನೋಡಿ. ಹೆಸರು ಬದಲಿಸಿದ್ದೀರಿ, ಸರಿ. ತರಗತಿ ಬರೆದಿದ್ದೀರಿ. ಊರು ಬರೆದಿದ್ದೀರಿ. ಅಪ್ಪನ ಕಸುಬು ಇದೆ, ಮನೆ ಯಾವ ಗುಡಿಯ ಹಿಂದೆ ಅನ್ನುವುದೂ ಇದೆ. ನಮ್ಮ ಕಡೆ ಊರುಗಳಲ್ಲಿ ಇಷ್ಟು ಸಾಕಲ್ವಾ? ಪತ್ರಿಕೆ ಬಂದ ದಿನ ಬೆಳಿಗ್ಗೆ ಟೀ ಅಂಗಡಿಯಲ್ಲೇ ಅವಳ ನಿಜವಾದ ಹೆಸರು ಹೇಳಿಬಿಡುತ್ತಾರೆ. ಅದೇ ಕಾಯ್ದೆಯ 23ನೇ ಕಲಂ ಇದಕ್ಕೇ ಇರುವುದು. ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಮಗು ಯಾರೆಂದು ಗೊತ್ತಾಗುವ ಯಾವುದನ್ನೂ ಅಚ್ಚು ಹಾಕುವಂತಿಲ್ಲ. ಹಾಕಿದರೆ ಒಂದು ವರ್ಷದವರೆಗೆ ಜೈಲು, ಮತ್ತು ಬರೆದವರ ಜೊತೆಗೆ ಪ್ರಕಟಿಸಿದವರೂ ಹೊಣೆ. ಜೈಲಿನ ಮಾತು ಬಿಡಿ. ಮಕ್ಕಳನ್ನು ಕಾಪಾಡಿ ಅಂತ ಒಂಬತ್ತು ಪುಟ ಬರೆದಿದ್ದೀರಿ, ಆ ಒಂಬತ್ತು ಪುಟದೊಳಗೇ ಒಂದು ಮಗುವನ್ನು ಬಯಲಿಗೆ ತಂದು ನಿಲ್ಲಿಸಿದ್ದೀರಿ. ಆ ಭಾಗ ಪೂರ್ತಿ ತೆಗೆಯಿರಿ. ತಿದ್ದುವುದೂ ಬೇಡ.

ಅಲ್ಲಿಂದ ಒಂದೇ ಸಾಲು ಉಳಿಸಿಕೊಳ್ಳಬಹುದು. ‘ಹೇಳಿದರೆ ಫೋನ್ ಕಿತ್ಕೊಳ್ತಾರೆ ಅಂತ ಎರಡು ತಿಂಗಳು ಸುಮ್ನಿದ್ದೆ ಸಾರ್.’ ಈ ಮಾತಿಗೆ ಊರಿಲ್ಲ, ಯಾವ ಮಗುವಾದರೂ ಹೇಳಬಹುದು. ನಿಮ್ಮ ಇಡೀ ಲೇಖನದಲ್ಲಿ ಅತಿ ಮುಖ್ಯವಾದ ಮಾತು ಇದೇ. ನೀವೋ, ಇದನ್ನು ಬರೆದು, ಮುಂದಿನ ಪ್ಯಾರಾದಲ್ಲೇ ‘ಮಕ್ಕಳ ಕೈಯಿಂದ ಫೋನನ್ನು ಕಿತ್ತುಕೊಳ್ಳುವುದೊಂದೇ ದಾರಿ’ ಅಂತ ಶುರು ಮಾಡಿದ್ದೀರಿ! ಬರೆಯುವ ಹೊತ್ತಿಗೆ ಅವಳ ಮಾತು ನಿಮಗೇ ಮರೆತುಹೋಗಿತ್ತೇ?

ಇನ್ನು ಬರವಣಿಗೆಗೆ ಬರೋಣ. ‘ಇಂದಿನ ಆಧುನಿಕ ಯುಗದಲ್ಲಿ ಅಂತರ್ಜಾಲವು ಎರಡು ಅಲಗಿನ ಕತ್ತಿಯಾಗಿದೆ.’ ನಿಮ್ಮ ಮೊದಲ ಸಾಲು. ಮೇಷ್ಟ್ರೇ, ನನ್ನ ಮೇಜಿನ ಮೇಲೆ ಈಗ ಇಂಥ ಕತ್ತಿಗಳು ಒಂದು ಕಟ್ಟು ಬಿದ್ದಿವೆ. ಪ್ರಬಂಧ ಸ್ಪರ್ಧೆಗೆ ಮಕ್ಕಳಿಗೆ ಬರೆಸಿ ಬರೆಸಿ ನಿಮಗೂ ಅದೇ ಅಂಟಿಕೊಂಡಿದೆ. ಮೊದಲ ಎರಡು ಪುಟ ಹಾಗೇ ಹರಿದುಹಾಕಿ, ಏನೂ ನಷ್ಟವಿಲ್ಲ.

‘ಮಕ್ಕಳ ನೀಲಿಚಿತ್ರ’ ಅಂತ ನಾಲ್ಕು ಕಡೆ ಬಳಸಿದ್ದೀರಿ. ಆ ಪದ ಬೇಡ. ‘ಚೈಲ್ಡ್ ಪೋರ್ನೋಗ್ರಫಿ’ ಅನ್ನುವುದನ್ನು ಬಳಸಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ನ್ಯಾಯಾಲಯಗಳಿಗೇ ಹೇಳಿದೆ. ಅದು ಸಿನಿಮಾ ಅಲ್ಲ, ಒಂದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ. ಹಾಗೇ ಬರೆಯಿರಿ. ಮತ್ತು ಅದನ್ನು ನಿಷೇಧಿಸಬೇಕೇ ಬೇಡವೇ ಅಂತ ಯಾರೂ ಚರ್ಚೆ ಮಾಡುತ್ತಿಲ್ಲ. ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅದನ್ನು ಹುಡುಕುವುದು, ಇಳಿಸಿಕೊಳ್ಳುವುದು, ಹಂಚುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ದೊಡ್ಡವರ ನೀಲಿಚಿತ್ರ ಮಕ್ಕಳ ಕಣ್ಣಿಗೆ ಬೀಳುವುದು ಬೇರೆ ಪ್ರಶ್ನೆ. ಹುಡುಗರು ದಿನವಿಡೀ ಇನ್‌ಸ್ಟಾಗ್ರಾಂ ನೋಡುವುದು ಇನ್ನೊಂದು. ಮೂರನ್ನೂ ಕಲಸುಮೇಲೋಗರ ಮಾಡಿ, ಮೊದಲನೆಯದರ ಮೇಲಿನ ಸಿಟ್ಟನ್ನು ಮೂರನೆಯದರ ಮೇಲೆ ತೀರಿಸಿಕೊಂಡಿದ್ದೀರಿ.

ಬ್ಲೂ ವೇಲ್ ಅನ್ನುವ ಆನ್‌ಲೈನ್ ಆಟಕ್ಕೆ ‘ದೇಶದಲ್ಲಿ ನೂರಾರು ಮಕ್ಕಳು ಬಲಿಯಾದರು’ ಅಂತ ಬರೆದಿದ್ದೀರಿ. ಎಲ್ಲಿ ಸಿಕ್ಕಿತು ಇದು? 2017ರಲ್ಲಿ ವಾಟ್ಸಾಪಿನಲ್ಲಿ ಓಡಾಡಿದ್ದು ನನಗೂ ಬಂದಿತ್ತು. ಯಾವ ಸಾವಿನಲ್ಲೂ ಆ ಆಟದ ಪಾತ್ರ ಸಾಬೀತಾಗಿಲ್ಲ ಎಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಹೇಳಿತು. ಪವಾಡಗಳಿಗೆ ಸಾಕ್ಷಿ ಕೇಳಲು 1976ರಲ್ಲಿ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರಿನ ಹೊಸೂರಿನವರು. ಅವರ ಜಿಲ್ಲೆಯವರು ಸಾಕ್ಷಿ ಇಲ್ಲದೆ ಸಾವಿನ ಲೆಕ್ಕ ಬರೆಯುವುದಾ?

ಆಸ್ಟ್ರೇಲಿಯಾದ ಬಗ್ಗೆಯೂ ಅರ್ಧ ಸರಿ. ‘ಅಲ್ಲಿ ಮಕ್ಕಳಿಗೆ ಇಂಟರ್‌ನೆಟ್ ನಿಷೇಧ, ತಪ್ಪಿದರೆ ತಂದೆತಾಯಿಗೆ ದಂಡ’ ಅಂದಿದ್ದೀರಿ. 2025ರ ಡಿಸೆಂಬರ್ 10ರಿಂದ ಅಲ್ಲಿ ಜಾರಿಯಾಗಿರುವುದು 16ರ ಒಳಗಿನವರು ಸೋಷಿಯಲ್ ಮೀಡಿಯಾ ಖಾತೆ ಇಟ್ಟುಕೊಳ್ಳಬಾರದು ಅನ್ನುವ ಕಾನೂನು. ಇಂಟರ್‌ನೆಟ್ ಹಾಗೇ ಇದೆ, ವಾಟ್ಸಾಪ್ ಕೂಡ ಇದೆ. ದಂಡ ಇರುವುದು ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಕ್ಕಳಿಗಾಗಲಿ ತಂದೆತಾಯಿಗಾಗಲಿ ಒಂದು ಪೈಸೆ ದಂಡವಿಲ್ಲ.

‘ಸರ್ಕಾರ ಒಂದು ಬಟನ್ ಒತ್ತಿದರೆ ಸಾಕು’ ಅನ್ನುವ ಸಾಲಿನ ಪಕ್ಕ ನಾನು ಕೆಂಪು ಪೆನ್ನಿನಲ್ಲಿ ‘ಒತ್ತಿದ್ದರಲ್ಲ?’ ಅಂತ ಬರೆದಿದ್ದೇನೆ. 2015ರ ಜುಲೈ ಕೊನೆಗೆ ಅಶ್ಲೀಲ ಅಂತ 857 ವೆಬ್‌ಸೈಟ್ ಮುಚ್ಚಿಸಲು ಆದೇಶ ಹೊರಟಿತ್ತು. ಗಲಾಟೆ ಎದ್ದು ಕೆಲವೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹೇಳಿದ ಮೇಲೆ ಅದೇ ಪಟ್ಟಿಯನ್ನು ಮತ್ತೆ ತೆಗೆದರು. ಆಗ ಪರಿಶೀಲಿಸಿದರೆ 30 ಸೈಟುಗಳಲ್ಲಿ ಅಂಥದ್ದೇನೂ ಇರಲಿಲ್ಲ! 827ಕ್ಕೆ ಆದೇಶ ಹೋಯ್ತು. ಮೂರು ವರ್ಷ ಆ 30ರ ತಪ್ಪು ಪಟ್ಟಿಯಲ್ಲೇ ಕೂತಿತ್ತು. ಪಟ್ಟಿ ಮಾಡುವವರು ಯಾರು, ತಪ್ಪಾದರೆ ಯಾರನ್ನು ಕೇಳಬೇಕು, ಇದಕ್ಕೆ ನಿಮ್ಮ ಒಂಬತ್ತು ಪುಟದಲ್ಲಿ ಉತ್ತರವಿಲ್ಲ. ನೀವು ಬ್ಲಾಕ್ ಮಾಡಿ ಅನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಅನ್ನಿ, ಆದರೆ ಈ ಪ್ರಶ್ನೆ ದಾಟಿಕೊಂಡು ಬಂದು ಅನ್ನಿ.

ಟಿಕ್‌ಟಾಕ್ ನಿಷೇಧವನ್ನು ಗೆಲುವು ಅಂತ ಎಣಿಸಿದ್ದೀರಿ. ಅದನ್ನು ತೆಗೆದದ್ದು ದೇಶದ ಭದ್ರತೆಯ ಕಾರಣಕ್ಕೆ, ಮಕ್ಕಳಿಗಾಗಿ ಅಲ್ಲ. ಅದೂ ಇರಲಿ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಹೋಯ್ತು, ಜುಲೈ 8ಕ್ಕೆ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಹತ್ತು ದಿನವೂ ಆಗಲಿಲ್ಲ.

ರೀಲ್ಸ್ ಅಂದ ಕೂಡಲೇ ನಿಮ್ಮ ಆರನೇ ಪುಟಕ್ಕೆ ಬರಲೇಬೇಕು. ‘ಶಿಡ್ಲಘಟ್ಟದಲ್ಲಿ ರೀಲಿಂಗ್ ಅಂದರೆ ಗೂಡಿನಿಂದ ನೂಲು ತೆಗೆಯುವುದು. ಅಪ್ಪ ರೀಲರ್, ಮಗನಿಗೆ ರೀಲ್ಸ್.’ ಓದಿ ಜೋರಾಗಿಯೇ ನಕ್ಕೆ. (ಮೂರು ಸಲ ಹೇಳಿದ್ದೀರಿ, ಒಂದು ಸಲ ಸಾಕು.) ಆಮೇಲಿನ ಹನ್ನೊಂದು ಸಾಲು ಓದುತ್ತಾ ನಗು ನಿಂತುಹೋಯ್ತು. ರಜೆಯ ದಿನ. ಗೂಡಿನ ವಾಸನೆ. ಹರಾಜು ಈಗ ಮೊಬೈಲಿನಲ್ಲೇ. ಅಪ್ಪ ಗೂಡನ್ನು ಕೈಯಲ್ಲಿ ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು, ರೇಟು ಹೇಳುತ್ತಾನೆ. ಅವನಿಗೆ ಓದು ಬರುವುದಿಲ್ಲ. ಏಳನೇ ಕ್ಲಾಸಿನ ಮಗ ಅದನ್ನು ಫೋನಿನಲ್ಲಿ ಒತ್ತುತ್ತಾನೆ. ಅಪ್ಪ ಹೇಳುವುದು ತೆಲುಗಿನಲ್ಲಿ, ಫೋನಿನಲ್ಲಿರುವುದು ಕನ್ನಡ, ಮಧ್ಯೆ ಇಂಗ್ಲಿಷ್. ಮುಂದಿನ ಲಾಟ್, ಅಂದರೆ ಗೂಡಿನ ಮುಂದಿನ ರಾಶಿ, ಬರುವವರೆಗೆ ಹುಡುಗ ಬೆರಳಾಡಿಸುತ್ತಾ ರೀಲ್ಸ್ ನೋಡುತ್ತಾನೆ. ಏನೋ ಒಂದು ಬರುತ್ತದೆ. ತಟ್ಟನೆ ದಾಟಿಸಿ, ಓರೆಗಣ್ಣಿಂದ ನಿಮ್ಮನ್ನು ನೋಡುತ್ತಾನೆ. ಅಪ್ಪ ಇನ್ನೂ ಗೂಡು ನೋಡುತ್ತಿದ್ದಾನೆ.

ಇಲ್ಲಿಗೆ ಬಿಟ್ಟು ನೀವು ‘ಆದ್ದರಿಂದ ಸರ್ಕಾರವು’ ಅಂತ ಓಡಿಹೋಗಿದ್ದೀರಿ.

ನಿಲ್ಲಿ ಮೇಷ್ಟ್ರೇ. ಆ ಫೋನು ಯಾರದ್ದು? ಅಪ್ಪನದ್ದು. ಖಾತೆ ಅಪ್ಪನ ಹೆಸರಲ್ಲಿ, ಹುಟ್ಟಿದ ವರ್ಷವೂ ಅಪ್ಪನದ್ದೇ. ಕಂಪನಿಯ ಲೆಕ್ಕದಲ್ಲಿ ಅಲ್ಲಿ ಮಗುವೇ ಇಲ್ಲ. ನಮ್ಮಲ್ಲೂ ಒಂದು ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ಅದರಲ್ಲಿ 18ರ ಒಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಈ ಒಪ್ಪಿಗೆಯ ಭಾಗ ಜಾರಿಗೆ ಬರಲು 18 ತಿಂಗಳ ಗಡುವಿದೆ. ಸರಿ. ನಿಮ್ಮ ಮಾರ್ಕೆಟ್ಟಿನಲ್ಲಿ ಆ ಒಪ್ಪಿಗೆ ಯಾರು ಕೊಡುತ್ತಾರೆ? ಓದಿ ಹೇಳುವವನು ಮಗ. ಓಟಿಪಿ ಬರುವುದು ಅದೇ ಫೋನಿಗೆ. ಒತ್ತುವವನೂ ಮಗನೇ! ಅಪ್ಪನ ಪರವಾಗಿ ಹರಾಜು ಕೂಗುವವನು ಅಪ್ಪನ ಪರವಾಗಿ ಒಪ್ಪಿಗೆಯನ್ನೂ ಕೊಡುತ್ತಾನೆ.

ಇದನ್ನು ದೆಹಲಿಯಲ್ಲಿ ಕೂತವರು ನೋಡಿಲ್ಲ. ಬೆಂಗಳೂರಿನಲ್ಲಿ ಮಗುವಿಗೊಂದು ಟ್ಯಾಬ್ ಕೊಡಿಸಿ ಪೇರೆಂಟಲ್ ಕಂಟ್ರೋಲ್ ಹಾಕಿಕೊಂಡವರೂ ನೋಡಿಲ್ಲ. ನೀವು ಕಣ್ಣಾರೆ ಕಂಡಿದ್ದೀರಿ. ಆಮೇಲೂ ನಿಷೇಧವೇ ಬೇಕು ಅನ್ನಿಸಿದರೆ ಬರೆಯಿರಿ, ಒಂದು ಅಕ್ಷರ ಕತ್ತರಿಸದೆ ಹಾಕುತ್ತೇನೆ. ಆದರೆ ಆ ಹುಡುಗ, ಆ ಅಪ್ಪ, ಆ ಒಂದೇ ಫೋನು, ಇಷ್ಟಕ್ಕೂ ನಿಮ್ಮ ನಿಷೇಧ ಹೇಗೆ ಮುಟ್ಟುತ್ತದೆ ಅಂತ ತೋರಿಸಿ.

ಹಾಗಾಗಿ ಆರನೇ ಪುಟದಿಂದಲೇ ಶುರು ಮಾಡಿ. ನಾಲ್ಕು ಪುಟ ಸಾಕು. ಅಂಗಡಿ, ಲಾಟ್ ನಂಬರು ಬಿಡಿ, ಹುಡುಗನ ಗುರುತೂ ಸಿಗದಂತೆ ನೋಡಿಕೊಳ್ಳಿ. ಆಸ್ಟ್ರೇಲಿಯಾ ಬೇಕಿದ್ದರೆ ಎರಡು ಸಾಲು. ಕತ್ತಿ ಬೇಡ, ನಾಣ್ಯದ ಎರಡು ಮುಖವೂ ಬೇಡ (ಎಂಟನೇ ಪುಟದಲ್ಲಿದೆ, ನೋಡಿದೆ).

ಇನ್ನೊಂದು ಕೇಳಬೇಕಿತ್ತು. ಅವನು ಓರೆಗಣ್ಣಿಂದ ನಿಮ್ಮನ್ನು ನೋಡಿದ ಅಂತ ಬರೆದಿದ್ದೀರಿ. ಆಗ ನೀವು ಏನು ಮಾಡಿದಿರಿ? ಗದರಿದಿರಾ, ನೋಡದವರ ಹಾಗೆ ಆ ಕಡೆ ತಿರುಗಿದಿರಾ, ಪಕ್ಕದಲ್ಲಿ ಹೋಗಿ ಕೂತಿರಾ? ಅದು ಲೇಖನದಲ್ಲಿ ಇಲ್ಲ. ಬರೆದು ಕಳಿಸಿ. ಕೈಬರಹವಾದರೂ ಪರವಾಗಿಲ್ಲ, ಆದರೆ ವಾಟ್ಸಾಪಿನಲ್ಲಿ ಫೋಟೊ ತೆಗೆದು ಹಾಕಬೇಡಿ. ಹೋದ ಸಲ ಪ್ರತಿ ಪುಟದ ಕೊನೇ ಸಾಲು ಕತ್ತರಿಸಿಹೋಗಿತ್ತು.