ರಂಗ ಪ್ರಶ್ನೋತ್ತರ: ಕೊಡಗಿನ ಗೌರಮ್ಮನವರ ಪಾತ್ರ ಮಾಡುವ ಆಸೆ

ಪ್ರಶ್ನೆ: ಹವ್ಯಾಸಿ ತಂಡದಲ್ಲಿ ಆರೇಳು ವರ್ಷದಿಂದ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದೇನೆ. ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು ಏಕವ್ಯಕ್ತಿ ಪ್ರಯೋಗವಾಗಿ ರಂಗಕ್ಕೆ ತರಬೇಕೆಂಬುದು ಬಹುದಿನದ ಕನಸು. ಕೊಡವ ಸೀರೆ ಗೆಳತಿಯ ಮನೆಯಲ್ಲಿ ಸಿಗುತ್ತದೆ, ಒಡವೆಯೂ ಇದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಸುಂಟಿಕೊಪ್ಪ

ಉತ್ತರ: ಕೊಡವ ಸೀರೆಯನ್ನು ಗೆಳತಿಯ ಮನೆಯಲ್ಲೇ ಬಿಡಿ. ಹೆಸರಿನ ಮುಂದೆ ‘ಕೊಡಗಿನ’ ಎಂದಿರುವುದರಿಂದಲೇ ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಗೌರಮ್ಮ ಮಡಿಕೇರಿಯ ಬ್ರಾಹ್ಮಣ ಮನೆತನದವರು. ನೆರಿಗೆ ಬೆನ್ನ ಹಿಂದೆ ಹೋಗಿ ಸೆರಗು ಬಲ ಹೆಗಲಿಗೆ ಬರುವ ಉಡುಗೆ ಅವರದಲ್ಲ. ಸುಂಟಿಕೊಪ್ಪದ ಪ್ರೇಕ್ಷಕರು ಇದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ, ಆಮೇಲೆ ನಿಮ್ಮ ಮಾತು ಅವರ ಕಿವಿಗೆ ಹೋಗುವುದಿಲ್ಲ. ಅಚ್ಚಾಗಿರುವ ಅವರ ಭಾವಚಿತ್ರವನ್ನು ದೊಡ್ಡದು ಮಾಡಿಸಿ, ಕನ್ನಡಿಯ ಪಕ್ಕಕ್ಕೆ ಅಂಟಿಸಿಕೊಂಡು, ಅದನ್ನು ನೋಡಿಯೇ ಉಡಿ. ಕಿರಿದಾದ ಅಂಚಿನ ಕೈಮಗ್ಗದ ಹತ್ತಿ ಸೀರೆ, ಮೊಣಕೈವರೆಗಿನ ತೋಳಿನ ರವಿಕೆ ಸಾಕು. ಹೆಗಲ ಮೇಲೆ ಮಡಿಕೆ ಮಡಿಕೆಯಾಗಿ ಪಿನ್ನು ಚುಚ್ಚುವುದು ಈಗಿನ ರೂಢಿ. ಪಾಲಿಯೆಸ್ಟರ್ ಬೆರೆತ ಬಟ್ಟೆಯಂತೂ ಬೇಡವೇ ಬೇಡ. ದೀಪ ಬಿದ್ದ ಕಡೆಯೆಲ್ಲ ಮಿನುಗುತ್ತದೆ, ಮೈಕಿನ ಹತ್ತಿರ ಸರಬರ ಎನ್ನುತ್ತದೆ.

ಸೀರೆಗಿಂತ ದೊಡ್ಡ ತಪ್ಪು ವಯಸ್ಸಿನದು. ಸಾಹಿತಿ ಎಂದ ಕೂಡಲೇ ನಟಿಯರು ನಿಧಾನದ ನಡಿಗೆ, ತೂಕದ ದನಿ ತಂದುಬಿಡುತ್ತಾರೆ. ಗೌರಮ್ಮ ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1939ರ ಏಪ್ರಿಲ್ 13ರಂದು. ಅವರು ಮಧ್ಯವಯಸ್ಸನ್ನೇ ಕಾಣಲಿಲ್ಲ. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. ಆ ಮೈಯ ಚುರುಕು ನಿಮ್ಮ ಕಾಲಿನಲ್ಲಿ ಕಾಣಬೇಕು. ರಂಗಕ್ಕೆ ರ‍್ಯಾಕೆಟ್ ತರುವುದಾದರೆ ಮರದ್ದೇ ತನ್ನಿ. ಹಳೆಯ ತೋಟದ ಬಂಗಲೆಗಳ ಅಟ್ಟದಲ್ಲಿ, ಕ್ಲಬ್ಬುಗಳ ಗೋಡೆಯ ಮೇಲೆ ವಿಚಾರಿಸಿ. ಸುಮಾರು 400 ಗ್ರಾಂ ತೂಗುತ್ತದೆ, ಮುಖ ಈಗಿನವಕ್ಕಿಂತ ಚಿಕ್ಕದು. ಹಗುರದ ಹೊಸ ರ‍್ಯಾಕೆಟ್ಟಿನಲ್ಲಿ ಅಭ್ಯಾಸ ಮಾಡಿದರೆ ತೋಳಿನ ಬೀಸೇ ಬದಲಾಗುತ್ತದೆ. ಚೆಂಡು ಬಿಳಿಯದಿರಲಿ. ಹಳದಿ ಚೆಂಡು 1970ರ ದಶಕದ್ದು.

ಪಠ್ಯಕ್ಕೆ ಅವರ ಕತೆಗಳನ್ನೇ ಬಳಸಿ. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಿವೆ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಮರಣಾನಂತರ ಮೊದಲು ಅಚ್ಚಾದದ್ದಕ್ಕೆ ಅಚ್ಚಾದ ವರ್ಷದಿಂದ ಲೆಕ್ಕ. ಹೇಗೆ ಎಣಿಸಿದರೂ ಈ ಕತೆಗಳನ್ನು ಆಡಲು ಈಗ ಯಾರ ಅನುಮತಿಯೂ ಬೇಡ. ಆದರೆ ಇತ್ತೀಚಿನ ಮುದ್ರಣಗಳ ಮುನ್ನುಡಿಯಿಂದ, ಬೇರೆಯವರು ಬರೆದ ಅವರ ಜೀವನಚರಿತ್ರೆಯಿಂದ ಸಾಲು ಎತ್ತಿದರೆ ಲಿಖಿತ ಒಪ್ಪಿಗೆ ಬೇಕು. ವಿಧವೆಯರ, ಗಂಡ ಬಿಟ್ಟವರ ಸಂಕಟವನ್ನು ಬರೆದವರು ಪತ್ರಿಕೆಯಲ್ಲಿ ‘ಶ್ರೀಮತಿ ಬಿ.ಟಿ.ಜಿ. ಕೃಷ್ಣ’ ಎಂದು, ಗಂಡನ ಹೆಸರಿನ ನೆರಳಿನಲ್ಲಿ ಸಹಿ ಹಾಕುತ್ತಿದ್ದರು. ಆ ಸಹಿ ಹಾಕುವ ಕ್ಷಣಕ್ಕೆ ಒಂದು ಇಡೀ ನಿಮಿಷ ಕೊಡಿ. ಅದು ನಾಟಕದ ಬಾಗಿಲು.

ಪಠ್ಯ ಸಿದ್ಧವಾದ ಮೇಲೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಓದಿನಲ್ಲಿ 40 ನಿಮಿಷವಾದದ್ದು ಚಲನೆ, ಮೌನ ಸೇರಿ ರಂಗದಲ್ಲಿ 50 ದಾಟುತ್ತದೆ. ಮೊದಲ ಪ್ರಯೋಗಕ್ಕೆ 50ಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ನಮ್ಮ ತಂಡದವರೂ ಗೌರಮ್ಮನವರ ಬಗ್ಗೆ ಮಾಡುತ್ತಿದ್ದೇವೆ. ಗಾಂಧೀಜಿಗೆ ಒಡವೆ ಕೊಡುವ ದೃಶ್ಯ ಎಷ್ಟು ಮಾಡಿದರೂ ಸಪ್ಪೆಯಾಗುತ್ತಿದೆ. ಕೊನೆಯ ದೃಶ್ಯದಲ್ಲಿ ನೀರನ್ನು ತೋರಿಸುವುದು ಹೇಗೆ?
— ಹವ್ಯಾಸಿ ತಂಡದ ನಿರ್ದೇಶಕಿ, ಸೋಮವಾರಪೇಟೆ

ಉತ್ತರ: ಸಪ್ಪೆಯಾಗಲು ಕಾರಣ ಬಹುಪಾಲು ಒಡವೆಯ ಕೊಕ್ಕೆಯೇ. 1934ರ ಫೆಬ್ರವರಿಯಲ್ಲಿ ಹರಿಜನ ನಿಧಿಗಾಗಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಅವರು ಬರಲೇಬೇಕೆಂದು ಉಪವಾಸ ಕೂತು, ಬಂದವರಿಗೆ ಒಡವೆ ಒಪ್ಪಿಸಿದವರು ಗೌರಮ್ಮ. ಆ ದಿಟ್ಟತನ ಕತ್ತಿನ ಹಿಂದೆ ಕೊಕ್ಕೆ ತಡಕಾಡುವ ಕೈಯಲ್ಲಿ ಸೋರಿಹೋಗುತ್ತದೆ. ಸರದ ಕೊಕ್ಕೆ ತೆಗೆದು ದಾರದ ಕುಣಿಕೆ ಹಾಕಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಬೆವರಿದ ಕೈಯಿಂದ ಬಳೆ ಜಾರುವುದಿಲ್ಲ. ನಟಿ ಎರಡು-ನಾಲ್ಕು ಅಳತೆಯವರಾದರೆ ಎರಡು-ಆರರ ಬಳೆ ತೊಡಿಸಿ. ಓಲೆಯ ತಿರುಪು ಬಿಚ್ಚಿಸಬೇಡಿ. ಕೆಳಗೆ ಬಿದ್ದರೆ ನಟಿಯ ಕಣ್ಣು ಅದನ್ನೇ ಹುಡುಕುತ್ತದೆ, ಪ್ರೇಕ್ಷಕರ ಕಣ್ಣೂ. ಲೋಹದ ಬಳೆಗಳನ್ನೇ ಹಿತ್ತಾಳೆ ತಟ್ಟೆಗೆ ಹಾಕಿಸಿ, ಒಂದೊಂದಾಗಿ. ಪ್ಲಾಸ್ಟಿಕ್ ಬಳೆಗೆ ಆ ಸದ್ದಿಲ್ಲ. ಒಡವೆ ತೆಗೆಯುವಾಗ ಮಾತು ಬೇಡ, ತಟ್ಟೆಯೇ ಮಾತಾಡಲಿ.

ಗಾಂಧೀಜಿಯ ವೇಷದವರನ್ನು ತರಬೇಡಿ. ವೇಷಧಾರಿ ಬಂದ ಕೂಡಲೇ ಚಪ್ಪಾಳೆ ಬೀಳುತ್ತದೆ, ಗೌರಮ್ಮ ಹಿಂದೆ ಸರಿಯುತ್ತಾರೆ. ಒಂದು ಚಾಪೆ ಸಾಕು. ನೆಲದ ಮೇಲೆ ಕೂತವರನ್ನು ನೋಡುವ ದೃಷ್ಟಿ ಚಾಪೆಯಿಂದ ಎರಡೂವರೆ ಅಡಿ ಎತ್ತರದಲ್ಲಿ ನಿಲ್ಲಬೇಕು. ತಾಲೀಮಿನಲ್ಲಿ ಅಲ್ಲಿ ಯಾರನ್ನಾದರೂ ನಿಜವಾಗಿ ಕೂರಿಸಿ, ಪ್ರಯೋಗದ ಮುಂಚಿನ ವಾರ ಎಬ್ಬಿಸಿ.

ಕೊನೆಯ ದೃಶ್ಯ. ಹೊಳೆಯಲ್ಲಿ ಈಜುವಾಗ ಸುಳಿಗೆ ಸಿಕ್ಕಿ ಆದ ಸಾವು ಅದು. ನೊಂದು ನೀರಿಗೆ ಹಾರಿದಂತೆ ತೋರಿಸಿದರೆ ಆ ಜೀವಕ್ಕೆ ಅನ್ಯಾಯ. ಇಬ್ಬರು ನೀಲಿ ಬಟ್ಟೆ ಅಲ್ಲಾಡಿಸುವುದೂ ಬೇಡ. ನಟಿ ಸೆರಗು ಬಿಗಿದು, ಈಜಿಗೆ ಹೊರಟ ಹುಮ್ಮಸ್ಸಿನಲ್ಲಿ ಪಕ್ಕಕ್ಕೆ ಹೋಗಲಿ. ಖಾಲಿ ರಂಗದ ಮೇಲೆ ಅರ್ಧ ಬರೆದ ಹಾಳೆಗೆ ಮಾತ್ರ ದೀಪ, 20 ಎಣಿಸುವಷ್ಟು ಹೊತ್ತು.

ಪ್ರಶ್ನೆ: ಇಂಗ್ಲೆಂಡಿಗೆ ಹೋದ ಗೌರಮ್ಮ ಇವರೇ ಅಲ್ಲವೇ?
— ಓದುಗರು, ಕುಶಾಲನಗರ

ಉತ್ತರ: ಅಲ್ಲ. ಅವರು 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನ ಮಗಳು, 1841ರಲ್ಲಿ ಹುಟ್ಟಿದವರು. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಮತಾಂತರ ನಡೆಯಿತು. 1864ರಲ್ಲಿ, ಇನ್ನೂ ಹರೆಯದಲ್ಲೇ ತೀರಿಕೊಂಡರು. ಪಾತ್ರವಾಗಿ ಅದೂ ಗಟ್ಟಿಯೇ, ಆದರೆ ಹನ್ನೊಂದರ ಹುಡುಗಿಯನ್ನು ಮೊದಲ ಭಾಗಕ್ಕೆ ಬೇರೆಯೇ ಹುಡುಕಬೇಕು. ಇಬ್ಬರು ಗೌರಮ್ಮರನ್ನು ಒಂದೇ ನಾಟಕದಲ್ಲಿ ಸೇರಿಸುವ ಆಸೆಗೆ ಬೀಳಬೇಡಿ.

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಗೆ ಕಿತ್ತೂರು ಚೆನ್ನಮ್ಮ ಆಗುವಾಸೆ. ಕಪ್ಪದ ಸಂಭಾಷಣೆ ಬಾಯಿಪಾಠವಾಗಿದೆ, ಕತ್ತಿ ಹಿಡಿದರೆ ಮಾತ್ರ ಆಟಿಕೆಯಂತೆ ಕಾಣುತ್ತದೆ.
— ಶಿಕ್ಷಕಿ, ವಿರಾಜಪೇಟೆ

ಉತ್ತರ: ಕತ್ತಿಗೆ ತೂಕವಿಲ್ಲ, ಅದಕ್ಕೆ. ಪ್ಲೈವುಡ್ಡಿಗೆ ಬೆಳ್ಳಿ ಕಾಗದ ಅಂಟಿಸಿದ್ದು 200–300 ಗ್ರಾಂ ಇರುತ್ತದೆ. ನಿಜವಾದದ್ದು ಸುಮಾರು ಒಂದು ಕಿಲೋ. ಹಗುರದ್ದನ್ನು ಕೈ ತಾನಾಗಿಯೇ ವೇಗವಾಗಿ ಬೀಸುತ್ತದೆ, ಕಣ್ಣಿಗೆ ಸುಳ್ಳು ಗೊತ್ತಾಗುತ್ತದೆ. ಹಿಡಿಯ ಹತ್ತಿರ ಕಬ್ಬಿಣದ ಪಟ್ಟಿ ಸುತ್ತಿ 600 ಗ್ರಾಮಿಗೆ ತನ್ನಿ. ಮಗುವಿನ ಕೈಗೆ ಅದಕ್ಕಿಂತ ಹೆಚ್ಚು ಬೇಡ. ತುದಿ ಮೊಂಡಾಗಿರಲಿ. ಬೀಸು ಮಣಿಕಟ್ಟಿನಿಂದಲ್ಲ, ಭುಜದಿಂದ.

ಇನ್ನು ಮಾತು. ಕಪ್ಪದ ಆರ್ಭಟ ಜನಪ್ರಿಯ, ಒಪ್ಪೋಣ. ಆದರೆ ಜಗಳದ ಬೇರು ದತ್ತಕದಲ್ಲಿದೆ. ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದನ್ನು ಕಂಪನಿ ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಕೈಹಾಕಿದ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತದ್ದು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪನ ಗುಂಡಿಗೆ. ಶಾಲಾ ನಾಟಕಗಳಲ್ಲಿ ರಾಣಿಯೇ ಅವನ ತಲೆ ಕಡಿಯುವುದು ಬೇಡ. ಆಗ ಚೆನ್ನಮ್ಮನಿಗೆ ನಲವತ್ತಾರರ ಆಸುಪಾಸು, ಗಂಡ ಮಲ್ಲಸರ್ಜ ಇಲ್ಲ, ಎದುರಿಗೆ ಕಂಪನಿ. ಹುಡುಗಿ ಕಿರುಚದೆ, ತಗ್ಗಿದ ದನಿಯಲ್ಲಿ, ವಾಕ್ಯದ ಕೊನೆಯ ಪದ ನುಂಗದೆ ಹೇಳಿದರೆ ಆ ವಯಸ್ಸು ತಾನೇ ಬರುತ್ತದೆ. ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಮರೆಯಬೇಡಿ. ಅಲ್ಲೊಂದು ಇಲ್ಲೊಂದು ‘ಐತಿ’ ಸೇರಿಸುವ ಬೆಳಗಾವಿ ಮಾತು ಬೇಡ, ಪೂರ್ತಿ ಬಂದರೆ ಆಡಲಿ, ಇಲ್ಲವೇ ಶಾಲೆಯ ಕನ್ನಡವೇ ಇರಲಿ. ನಾಟಕ ಗೆಲುವಿಗೇ ಮುಗಿಯದಿರಲಿ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ಬೈಲಹೊಂಗಲದ ಸೆರೆಯಲ್ಲೇ 1829ರ ಫೆಬ್ರವರಿಯಲ್ಲಿ ರಾಣಿ ತೀರಿಕೊಂಡರು. ಮಕ್ಕಳಿಗೆ ಅದೂ ಗೊತ್ತಾಗಲಿ.

ಪ್ರಶ್ನೆ: ಜುಲೈಯಲ್ಲಿ ಶೀಟಿನ ಮಾಡಿನ ಸಭಾಂಗಣದಲ್ಲಿ ಪ್ರಯೋಗ ಇಟ್ಟುಕೊಳ್ಳಬಹುದೇ?
— ಓದುಗರು, ನಾಪೋಕ್ಲು

ಉತ್ತರ: ಏಕವ್ಯಕ್ತಿ ಪ್ರಯೋಗವಾದರೆ ಬೇಡ. ಶೀಟಿನ ಮೇಲೆ ಮಳೆ ಬಿದ್ದಾಗ ಮೈಕಿನ ದನಿ ಏರಿಸಿದರೆ ಸ್ಪೀಕರು ಕೂಗುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ಮಾಡಲೇಬೇಕಾದರೆ ಪ್ರೇಕ್ಷಕರನ್ನು ಮೂರು ಕಡೆಯಿಂದ ಆರೇಳು ಸಾಲಿನೊಳಗೆ ಹತ್ತಿರ ಕೂರಿಸಿ, ಪಿಸುಮಾತಿನ ಸಾಲುಗಳನ್ನು ತೆಗೆಯಿರಿ, ಒಂದೇ ಬಗೆಯ ಎರಡು ಸೀರೆ ಇಟ್ಟುಕೊಳ್ಳಿ. ಒದ್ದೆ ಹತ್ತಿ ಸೀರೆ ಆ ತಿಂಗಳಲ್ಲಿ ಎರಡು ದಿನವಾದರೂ ಒಣಗದು. ಕರೆಂಟು ಹೋದಾಗ ಹಚ್ಚಲು ಚಾರ್ಜಾದ ಎರಡು ದೀಪ ರಂಗದ ಎಡಬಲಕ್ಕೆ ಇರಲಿ, ಹಚ್ಚುವವರ ಹೆಸರು ಮೊದಲೇ ಗೊತ್ತಾಗಿರಲಿ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದವರು ಸಿಗುವುದಿಲ್ಲ. ಏಪ್ರಿಲ್ ವಾಸಿ. ಹೂಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗ್ಗೆ 11ಕ್ಕೆ ಇಟ್ಟುಕೊಳ್ಳಿ.