ಹಟ ಬೇರೆ, ಛಲ ಬೇರೆ

ನಮಸ್ಕಾರ. ಹತ್ತನೇ ತರಗತಿಯ ಮಗಳ ಗದ್ಯಭಾಗದಲ್ಲಿ ‘ಲೇಖಕರು ಹಟ ಎನ್ನದೆ ಛಲ ಎಂದದ್ದೇಕೆ?’ ಎಂಬ ಪ್ರಶ್ನೆ ಬಂದಿದೆ, ಎರಡರ ಅರ್ಥವೂ ಒಂದೇ ಅಲ್ವಾ ಎಂದು ಕೇಳಿದ್ದೀರಿ. ನಿಘಂಟಿನಲ್ಲಿ ಹತ್ತಿರ ಹತ್ತಿರವೇ. ಆದರೆ ನಾವು ಬಳಸೋದು ಬೇರೆ ಥರ. ಆಟಿಕೆ ಅಂಗಡಿ ಮುಂದೆ ನೆಲಕ್ಕೆ ಬಿದ್ದು ಅಳುವ ಮಗು ‘ಹಟ ಮಾಡ್ತಿದೆ’ ಅಂತೀವಿ. ಎರಡು ಸಲ ಫೇಲಾಗಿ ಮೂರನೇ ಸಲ ಪರೀಕ್ಷೆಗೆ ಕೂತವಳದ್ದು ಛಲ. ಹಟದಲ್ಲಿ ಹೇಳುವವರ ಬೇಸರ ಇದೆ, ಛಲದಲ್ಲಿ ಮೆಚ್ಚುಗೆ. ಅಂದರೆ ಲೇಖಕರು ಆ ಪಾತ್ರದ ಪರ ಇದ್ದಾರೆ. ಅದನ್ನೇ ಬರೆಯಲು ಹೇಳಿ.

ಒಂದು ಅಭ್ಯಾಸ ಮಾಡಿಸಿ. ಪದ ಬದಲಿಸಿ ಜೋರಾಗಿ ಓದಿಸಿ. ‘ಅಜ್ಜ ತೀರಿಕೊಂಡರು’ ಇದ್ದಲ್ಲಿ ‘ಅಜ್ಜ ಸತ್ತ’ ಅಂತ ಹಾಕಿ ನೋಡಿ. ಏನು ಕಳೆದುಹೋಯಿತು ಅಂತ ಕಿವಿಗೇ ಗೊತ್ತಾಗುತ್ತದೆ. ಹೇಳದೆಯೇ ಹೊಳೆಯುವ ಇಂಥ ಅರ್ಥವನ್ನು ಕಾವ್ಯದ ಬಗ್ಗೆ ಚಿಂತಿಸಿದ ಕಾಶ್ಮೀರದ ಪಂಡಿತ ಆನಂದವರ್ಧನ 9ನೇ ಶತಮಾನದಲ್ಲೇ ‘ಧ್ವನಿ’ ಎಂದು ಕರೆದಿದ್ದ. ನನಗೆ ಬಹಳ ಇಷ್ಟವಾದ ಪದ ಅದು.

ಇನ್ನು ಅಲಂಕಾರ. ‘ಅವನ ಮಾತು ಮುಳ್ಳಿನಂತೆ ಚುಚ್ಚಿತು’ ಉಪಮೆ, ‘ಅವನ ಮಾತೇ ಮುಳ್ಳು’ ರೂಪಕ. ಆದರೆ ಸುಮ್ನೆ ಹೆಸರು ಬರೆದು ನಿಲ್ಲಿಸಬಾರದು. ಚಾಕು ಬಿಟ್ಟು ಮುಳ್ಳೇ ಏಕೆ ಎಂದು ಕೇಳಿ. ಮುಳ್ಳು ಚಿಕ್ಕದು. ಒಳಗೇ ಮುರಿದು ಉಳಿಯುತ್ತದೆ, ಹೆಜ್ಜೆ ಇಟ್ಟಾಗಲೆಲ್ಲ ನೋಯುತ್ತದೆ.